ಕೇಳಲಿಲ್ಲ ಎಂದವರು

ಹೋದ ತಿಂಗಳು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಯಸ್ಸಾದ ಒಬ್ಬ ತಾಯಿ ತೀರಿಕೊಂಡರು. ನನಗೆ ಅವರು ನೆಂಟರಲ್ಲ. ಪರಿಚಯ ಎನ್ನುವುದೂ ಹೆಚ್ಚಾದೀತು, ಜೀವಮಾನದಲ್ಲಿ ನೋಡಿದ್ದು ಎರಡೇ ಸಲ. ಆದರೆ ಆ ತಾಯಿ ಬದುಕಿರುವ ತನಕ ನಮ್ಮ ಮಾಸ್ತರರ ಬಗ್ಗೆ ಒಂದಕ್ಷರ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾಸ್ತರರು ಹೋಗಿ ಮೂರು ವರ್ಷವಾಯಿತು, ಈಗ ಆಕೆಯೂ ಇಲ್ಲ. ಇನ್ನೂ ಸುಮ್ಮನೆ ಕೂತರೆ ಅದು ಮಾತು ಉಳಿಸಿಕೊಂಡಂತೆ ಅಲ್ಲ, ಹೆದರಿ ಕೂತಂತೆ. ಹೆದರಿ ಕೂರುವುದು ನನಗೆ ಹಳೆಯ ಅಭ್ಯಾಸ. ಅದನ್ನೂ ಹೇಳುತ್ತೇನೆ.

ಮಾಸ್ತರರ ಹೆಸರು ಬರೆಯುವುದಿಲ್ಲ. ಅವರ ಹೆಸರು ಒಮ್ಮೆ ಸರಕಾರಿ ಕಾಗದದಲ್ಲಿ ಬಂದು ಸಾಕಷ್ಟು ಹಾಳಾಗಿದೆ. ಅರವತ್ತರ ದಶಕದ ಕೊನೆಯಲ್ಲಿ ನಾಶಿಕದ ಹೊರಗಿನ ಒಂದು ಸಣ್ಣ ವಿಮಾನ ಶಾಲೆಯಲ್ಲಿ ನಾವು ಹದಿನಾಲ್ಕು ಮಂದಿ ಪೈಲಟ್ ಆಗಲು ಹೊರಟಿದ್ದೆವು. ಅಲ್ಲಿ ಅವರು ಕಲಿಸುತ್ತಿದ್ದುದು ಮೋಡದೊಳಗೆ ಹಾರುವ ವಿದ್ಯೆ. ಹೊರಗೆ ಆಕಾಶವಿಲ್ಲ, ನೆಲವಿಲ್ಲ, ಎಲ್ಲ ಹಾಲಿನ ಬಿಳುಪು. ಆಗ ಎದುರಿನ ಮೀಟರುಗಳ ಮುಳ್ಳು ನೋಡಿಕೊಂಡೇ ವಿಮಾನ ನಡೆಸಬೇಕು. ಅವರು ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರಾದ್ದರಿಂದ ಲೆಕ್ಕವನ್ನು ಉರ್ದುವಿನಲ್ಲಿ ಮಾಡುತ್ತಿದ್ದರು, ಬೈಗುಳಕ್ಕೆ ಕನ್ನಡ ಇಟ್ಟುಕೊಂಡಿದ್ದರು. ಕಡ್ಡಿಯಂಥ ಮೈ, ದೊಡ್ಡ ಕಿವಿ. ಉಳಿದವರಿಗೆ ಅವರು ಸರ್, ಕನ್ನಡದವರಾದ ನಮ್ಮಿಬ್ಬರಿಗೆ ಮಾತ್ರ ಬೆನ್ನ ಹಿಂದೆ ಮಾಸ್ತರರು.

ಇಬ್ಬರೆಂದರೆ ನಾನು ಮತ್ತು ಮಲ್ಲಿನಾಥ. ನಮ್ಮದು ಮೂಲ ಕುಂದಾಪುರ, ಔರಂಗಾಬಾದಿನ ಗುಲ್‌ಮಂಡಿಯಲ್ಲಿ ಅಪ್ಪನ ಹೋಟೆಲು. ಇಡ್ಲಿ ಹಿಟ್ಟಿನ ವಾಸನೆಯಲ್ಲಿ ಹುಟ್ಟಿದವನಿಗೆ ವಿಮಾನದ ಹುಚ್ಚು ಎಲ್ಲಿಂದ ಬಂತೋ ಎಂದು ಅಪ್ಪ ಕೊನೆತನಕ ಕೇಳುತ್ತಲೇ ಇದ್ದರು. ಮಲ್ಲಿನಾಥ ಆಳಂದದ ಕಡೆಯವನು. ತಂದೆ ಇರಲಿಲ್ಲ, ತಾಯಿಗೆ ಒಬ್ಬನೇ ಮಗ. ನನಗಿಂತ ಚೆನ್ನಾಗಿ ಹಾರುತ್ತಿದ್ದ. ಇದನ್ನು ಆಗ ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿ, ಈಗ ಅದೂ ಇಲ್ಲ.

ಮಾಸ್ತರರ ತರಗತಿಯಲ್ಲಿ ಕರಿಹಲಗೆಗಿಂತ ಮುಖ್ಯವಾದದ್ದು ಒಂದು ಕ್ಷೌರದ ಕುರ್ಚಿ. ನಾಶಿಕದ ಯಾವುದೋ ಮುಚ್ಚಿದ ಅಂಗಡಿಯಿಂದ ತಂದು, ಕೆಳಗೆ ಎಣ್ಣೆ ಬಿಟ್ಟು, ಸದ್ದಿಲ್ಲದೆ ತಿರುಗುವ ಹಾಗೆ ಮಾಡಿದ್ದರು. ಒಬ್ಬನನ್ನು ಕೂರಿಸಿ, ಕಣ್ಣಿಗೆ ಟವೆಲು ಕಟ್ಟಿ, ನಿಧಾನಕ್ಕೆ ಎಡಕ್ಕೆ ತಿರುಗಿಸುವರು. ತಿರುಗುತ್ತಿರುವ ಕಡೆಗೆ ಹೆಬ್ಬೆರಳು ತೋರಿಸಬೇಕು. ಮೊದಲು ಎಲ್ಲರೂ ಸರಿಯಾಗಿಯೇ ತೋರಿಸುತ್ತಿದ್ದೆವು. ಒಂದೇ ವೇಗದಲ್ಲಿ ಒಂದಿಷ್ಟು ಹೊತ್ತು ತಿರುಗಿಸಿದರೆ, ಕೂತವನು ಹೆಬ್ಬೆರಳು ನೆಟ್ಟಗೆ ಹಿಡಿದು ‘ನಿಂತಿತು’ ಎನ್ನುತ್ತಿದ್ದ. ಕುರ್ಚಿ ಮಾತ್ರ ತಿರುಗುತ್ತಲೇ ಇರುತ್ತಿತ್ತು. ಆಮೇಲೆ ಮಾಸ್ತರರು ಅದನ್ನು ನಿಲ್ಲಿಸಿದರೆ, ಅವನು ಬಲಕ್ಕೆ ಬೆರಳು ಮಾಡಿ ಬೀಳುವವನಂತೆ ಕೈಹಿಡಿ ಹಿಡಿದುಕೊಳ್ಳುತ್ತಿದ್ದ. ನೋಡುವವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವರು ಮಾತ್ರ ನಗುತ್ತಿರಲಿಲ್ಲ.

“ನಗ್ರಿ, ಈಗ ನಗ್ರಿ,” ಎನ್ನುವರು. “ಮ್ಯಾಲ ಹೋದಾಗ ನಗಲಿಕ್ಕೆ ಪಕ್ಕದಾಗ ಯಾರೂ ಇರಂಗಿಲ್ಲ.”

ಕಾರಣವನ್ನು ಒಂದು ಹಿತ್ತಾಳೆ ತಂಬಿಗೆಯಲ್ಲಿ ತೋರಿಸಿದರು. ನೀರು ತುಂಬಿ, ಮೇಲೆ ಒಂದು ಹುಲ್ಲುಕಡ್ಡಿ ತೇಲಿಬಿಟ್ಟು, ತಂಬಿಗೆಯನ್ನು ತಿರುಗಿಸಿದರು. ತಂಬಿಗೆ ತಿರುಗಿತು, ಕಡ್ಡಿ ಇದ್ದಲ್ಲೇ ಇತ್ತು. ತಿರುಗಿಸುತ್ತಾ ಹೋದಂತೆ ನೀರೂ ಕಡ್ಡಿಯೂ ತಂಬಿಗೆಯ ಜೊತೆಗೇ ತಿರುಗತೊಡಗಿದವು. ಗಕ್ಕನೆ ನಿಲ್ಲಿಸಿದರೆ ತಂಬಿಗೆ ನಿಂತಿತು, ಕಡ್ಡಿ ನಿಲ್ಲಲಿಲ್ಲ. ನಮ್ಮ ಕಿವಿಯೊಳಗೂ ಇಂಥದೇ ನೀರಿದೆ, ಅದರಲ್ಲಿ ಕೂದಲಿನಂಥ ಎಳೆಗಳಿವೆ, ಅವು ಬಾಗಿದ್ದಕ್ಕೆ ಎದುರು ದಿಕ್ಕಿಗೆ ನಾವು ತಿರುಗುತ್ತಿದ್ದೇವೆ ಎಂದು ಮಿದುಳು ನಂಬುತ್ತದೆ ಎಂದರು. ಕಣ್ಣು ನೆಲ ನೋಡುತ್ತಿರುವ ತನಕ ಕಿವಿಯ ಸುಳ್ಳು ನಡೆಯುವುದಿಲ್ಲ. ಮೋಡದಲ್ಲಿ ಕಣ್ಣು ಕುರುಡಾದಾಗ ಕಿವಿಗೇ ಪಟ್ಟ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಸಾಲದು, ಕಣ್ಣಿಗೇ ಕಾಣದಾಗ ಏನು ಮಾಡುತ್ತೀರಿ ಎನ್ನುವುದು ಅವರ ಪ್ರಶ್ನೆ.

ಶನಿವಾರ ಮಧ್ಯಾಹ್ನ ಅವರು ಔರಂಗಾಬಾದಿಗೆ ಬರುತ್ತಿದ್ದರು. ಹೆಂಡತಿ ಅಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದರು, ಪೈಠಣ ಗೇಟಿನ ಹತ್ತಿರ ಎರಡು ಕೋಣೆಯ ಮನೆ. ಒಂದೇ ಬಸ್ಸಿನಲ್ಲಿ ನಾನೂ. ದಾರಿಯಲ್ಲಿ ಯೇವಲಾ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನಾನು ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಾಗ, ಬಸ್ಸು ಹೊರಟಿತೇನು ನೋಡು ಎಂದರು. ಕಣ್ಣು ಬಿಟ್ಟು ನೋಡಿ, ಹೌದು ಸರ್, ಹೊರಟಿತು ಎಂದೆ. ಹೊರಟಿದ್ದು ಪಕ್ಕದ ಬಸ್ಸು, ಅದು ಹಿಂದಕ್ಕೆ ಹೋಗುತ್ತಿತ್ತು. ನಮ್ಮ ಡ್ರೈವರು ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ. ಔರಂಗಾಬಾದಿನಲ್ಲಿ ಬಸ್ಸಿಳಿಯುವಾಗ, ನೀ ಪೈಲಟ್ ಆಗಬ್ಯಾಡ, ಅಪ್ಪನ ಗಲ್ಲಾಪೆಟ್ಟಿಗೆ ಮೇಲೆ ಕೂಡು ಎಂದರು. ಅದೇ ಸಂಜೆ ನಮ್ಮ ಹೋಟೆಲಿಗೆ ಬಂದು, ಸಾಂಬಾರಿಗೆ ಬೆಲ್ಲ ಹಾಕುವ ಜನರಿಗೆ ವಿಮಾನ ಕೊಡಬಾರದು ಎಂದು ಅಪ್ಪನಿಗೂ ಹೇಳಿದರು. ಅಪ್ಪ ನಕ್ಕು ಇನ್ನೊಂದು ಬಟ್ಟಲು ಅದೇ ಸಾಂಬಾರು ಬಡಿಸಿದರು, ಅವರು ಸೊರ್ ಎಂದು ಕುಡಿದರು.

ಅವರ ಕೈಯಲ್ಲಿ ನಾನು ಸರಿಯಾಗಿ ಹೆದರಿದ್ದು ಒಂದು ದಿನ, ತಲೆಗೆ ಮುಸುಕು ಹಾಕಿ ಹಾರಿಸಿದಾಗ. ಮುಸುಕೆಂದರೆ ಹಣೆಯಿಂದ ಮುಂದಕ್ಕೆ ಚಾಚಿದ ತೊಗಲಿನ ಮರೆ, ಮೀಟರು ಬಿಟ್ಟರೆ ಬೇರೇನೂ ಕಾಣದು. ಪಕ್ಕದಲ್ಲಿ ಕೂತ ಮಾಸ್ತರರು ನನಗೆ ಗೊತ್ತಾಗದಷ್ಟು ಮೆಲ್ಲಗೆ ವಿಮಾನವನ್ನು ಎಡಕ್ಕೆ ವಾಲಿಸಿ ಹಾಗೇ ಇಟ್ಟಿದ್ದರು. ನನ್ನ ಮೈಗೆ ಎಲ್ಲ ನೆಟ್ಟಗಿತ್ತು. ಮೀಟರು ನೋಡಿ ಸರಿಮಾಡು ಎಂದರು. ಸರಿಮಾಡಿದ ಕೂಡಲೇ, ಅಯ್ಯೋ ದೇವರೇ, ಬಲಕ್ಕೆ ಉರುಳಿಬೀಳುತ್ತಿದ್ದೇನೆ ಅನ್ನಿಸಿತು. ಮುಳ್ಳು ನೆಟ್ಟಗಿದೆ ಎನ್ನುತ್ತಿತ್ತು, ಹೊಟ್ಟೆ ಬೀಳುತ್ತಿದ್ದೀ ಎನ್ನುತ್ತಿತ್ತು. ನಾನು ಹೊಟ್ಟೆಯ ಮಾತು ಕೇಳಿ ಮತ್ತೆ ಎಡಕ್ಕೆ ಎಳೆದೆ. ಎತ್ತರ ಇಳಿಯತೊಡಗಿತು. ಎತ್ತರ ಉಳಿಸಲು ವಿಮಾನ ನಡೆಸುವ ಕೋಲನ್ನು ಎದೆಗೆಳೆದುಕೊಂಡೆ, ಆ ಸುತ್ತು ಇನ್ನೂ ಬಿಗಿಯಾಯಿತು.

“ಯಾರ ಮಾತು ಕೇಳ್ತಿ ನೀ?” ಎಂದು ಕೇಳಿದರು, ಕೂಗದೆ. ಮುಸುಕು ಕಿತ್ತರು. ಕಿಟಕಿ ತುಂಬ ಗೋದಾವರಿ ದಂಡೆಯ ಹೊಲಗಳು, ಗೋಡೆಗೆ ಹೊಡೆದ ಪಟದ ಹಾಗೆ ನೆಟ್ಟಗೆ ನಿಂತಿದ್ದವು.

ಕೆಳಗಿಳಿದ ಮೇಲೆ ವಾಂತಿ ಮಾಡಿಕೊಂಡೆ. ಅವರು ಬೆನ್ನು ತಟ್ಟಲಿಲ್ಲ. ಹಿಂದಿನ ದಿನ ನೆಗಡಿ ಇತ್ತೇ ಎಂದು ಕೇಳಿದರು. ಇತ್ತು, ಹೇಳಿರಲಿಲ್ಲ. ಮೂಗು ಕಟ್ಟಿದವನು, ನಿದ್ದೆಗೆಟ್ಟವನು, ಹಸಿದವನು, ಮನೆಯಲ್ಲಿ ಜಗಳ ಮಾಡಿ ಬಂದವನು, ಇವರ ಕಿವಿ ಎಲ್ಲರಿಗಿಂತ ಮೊದಲು ಸುಳ್ಳು ಹೇಳುತ್ತದೆ, ಆ ಸುಳ್ಳನ್ನು ತಡೆಯುವ ಬುದ್ಧಿಯೂ ಅವರಿಗೇ ಮೊದಲು ಮಂಕಾಗುತ್ತದೆ ಎಂದರು. ಹದಿನೈದು ದಿನ ನನ್ನನ್ನು ಹಾರಲು ಬಿಡದೆ ನೆಲದ ಮೇಲೇ ಕೂರಿಸಿದರು.

ಅದಕ್ಕೇ ಹಾರುವ ಮುಂಚೆ ಅವರದೊಂದು ತಪಾಸಣೆ. ಡಾಕ್ಟರರದು ಬೇರೆ, ಇದು ಬೇರೆ. ಕಣ್ಣರೆಪ್ಪೆ ಎತ್ತಿ ನೋಡುವರು, ಮೂಗು ಹಿಡಿದು ಊದಿಸುವರು, ಬಾಯಿ ಮೂಸುವರು. ಪಂಜಾಬಿನ ಹುಡುಗರು ಅವರಿಗೆ ಹಕೀಮ್ ಎಂದು ಹೆಸರಿಟ್ಟಿದ್ದರು. ಅವರನ್ನೆಲ್ಲ ಹಿಂದಿಯಲ್ಲಿ ಪೊಲೀಸರಂತೆ ಕೇಳುತ್ತಿದ್ದರು: ಎಷ್ಟು ಗಂಟೆಗೆ ಮಲಗಿದೆ, ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ. ನಮ್ಮಿಬ್ಬರ ಸರದಿ ಬಂದಾಗ ಮಾತ್ರ ದನಿ ತಗ್ಗಿ ಕನ್ನಡವಾಗುತ್ತಿತ್ತು. “ಊಟ ಆತೇನಪಾ?” ಅಷ್ಟೇ. ಆಯಿತು ಎಂದರೆ ಹೆಗಲು ತಟ್ಟಿ ಕಳಿಸುವರು. ಊರು ಬಿಟ್ಟು ಬಂದವರಿಗೆ ಆ ಒಂದು ಮಾತು ಎಷ್ಟು ಹಿತ ಎಂದು ಹೇಳಲಾರೆ. ಆದರೆ ನಮ್ಮ ಜನದಲ್ಲಿ ಊಟ ಆಯಿತೇ ಎಂದರೆ, ಹಸಿದು ಕಣ್ಣು ಕತ್ತಲಿಟ್ಟರೂ, ಆಯಿತು ಎನ್ನಬೇಕು. ಹಿರಿಯರ ಎದುರು ಇಲ್ಲ ಎಂದವನು ಉಣ್ಣಿಸಿ ಎಂದು ಬೇಡಿದಂತೆ. ಇದು ಅವರಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿದ್ದೂ ಯಾರೂ ಯೋಚಿಸಿರಲಿಲ್ಲ.

ಅದು ಶ್ರಾವಣ. ಒಂಬತ್ತು ದಿನ ಮಳೆ ಹಿಡಿದು ಯಾರೂ ಹಾರಿರಲಿಲ್ಲ. ಮಲ್ಲಿನಾಥ ಒಬ್ಬನೇ ಔರಂಗಾಬಾದಿಗೆ ಹಾರಿ ಹಿಂದಿರುಗಿ ಬರುವ ಪರೀಕ್ಷೆ ಮೂರು ಸಲ ಮುಂದಕ್ಕೆ ಹೋಗಿತ್ತು. ಹತ್ತನೆಯ ದಿನ ಮುಗಿಲು ಹರಿಯಿತು. ಬೆಳಿಗ್ಗೆ ಮೆಸ್ಸಿನಲ್ಲಿ ನಾನು ಅವಲಕ್ಕಿ ತಿನ್ನುತ್ತಿದ್ದಾಗ ಅವನು ಎದುರಿಗೆ ಬರಿಗೈಯಲ್ಲಿ ಕೂತ. ಸೋಮವಾರ ಎಂದ. ಸಂಜೆ ಲಿಂಗಪೂಜೆಯಾಗುವ ತನಕ ನೀರೂ ಇಲ್ಲ. ಇವತ್ತೊಂದು ದಿನ ಬಿಡು ಮಾರಾಯ ಎಂದೆ. ಅವ್ವನಿಗೆ ಮಾತು ಕೊಟ್ಟೀನಿ ಎಂದ, ಹಿಂದಿನ ರಾತ್ರಿ ಉಂಡದ್ದೇ ಗಟ್ಟಿಯಾಗಿದೆ ಎಂದು ಹೊಟ್ಟೆ ತಟ್ಟಿಕೊಂಡ.

ಹನ್ನೊಂದು ಗಂಟೆಗೆ ವಿಮಾನದ ಹತ್ತಿರ ಮಾಸ್ತರರು ಅವನ ಕಣ್ಣು ನೋಡಿದರು, ಮೂಗು ಊದಿಸಿದರು, ಊಟ ಆತೇನಪಾ ಎಂದರು. ಅವನು “ಆಗ್ಯಾದ್ರಿ ಸರ” ಎಂದ. ನಾನು ಅವರಿಂದ ಒಂದು ಮೊಳ ದೂರದಲ್ಲಿದ್ದೆ, ಹತ್ತಿರ ಬೇರೆ ಯಾರೂ ಇರಲಿಲ್ಲ. ಮಲ್ಲಿನಾಥ ನನ್ನ ಕಡೆ ನೋಡಿದ. ಬಾಯಿ ಬಿಟ್ಟರೆ ಅವನ ಸರದಿ ನಾಲ್ಕನೆಯ ಸಲ ಹೋಗುತ್ತದೆ, ಜೀವಮಾನವಿಡೀ ನನ್ನನ್ನು ಚಾಡಿಕೋರ ಎನ್ನುತ್ತಾನೆ. ಬಾಯಿಗೆ ಬೀಗ ಹಾಕಿಕೊಂಡೆ. ಇಷ್ಟೇ ನಾನು ಮಾಡಿದ್ದು, ಅಥವಾ ಮಾಡದಿದ್ದದ್ದು.

ವೈಜಾಪುರ ದಾಟಿದ ಮೇಲೆ ಮೋಡ ಮತ್ತೆ ಇಳಿದಿತ್ತಂತೆ. ಹಿಂದಕ್ಕೆ ತಿರುಗಬೇಕಿತ್ತು, ಅವನು ಮುಂದೆ ಹೋದ. ಖುಲ್ತಾಬಾದಿನ ಗುಡ್ಡಗಳ ಬುಡದಲ್ಲಿ, ಸಜ್ಜೆಯ ಹೊಲದಲ್ಲಿ ವಿಮಾನ ಸಿಕ್ಕಿತು. ಜೀಪಿನಲ್ಲಿ ಮಾಸ್ತರರ ಜೊತೆ ನಾನೂ ಹೋದೆ. ಹೊಲದವನು ಮರಾಠಿಯಲ್ಲಿ ಹೇಳಿದ: ಇಂಜಿನ್ನು ಕಿರುಚುತ್ತಾ ಮೋಡದಿಂದ ಸುತ್ತು ಹಾಕಿಕೊಂಡು ಬಂತು, ನೆಲ ಮುಟ್ಟುವ ತನಕ ಸುತ್ತುತ್ತಲೇ ಇತ್ತು. ಯಾವ ಕಡೆಗೆ ಎಂದು ಮಾಸ್ತರರು ಕೇಳಿದರು. ಅವನು ಕೈಯಾಡಿಸಿ ಎಡಕ್ಕೆ ಎಂದು ತೋರಿಸಿದ. ಅವರು ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿ, ಬಹಳ ಹೊತ್ತು ಎರಡೂ ಕಿವಿ ಮುಚ್ಚಿಕೊಂಡು ಕೂತರು. ಹಸಿದಿದ್ದರಿಂದಲೇ ಹಾಗಾಯಿತೇ, ಉಂಡಿದ್ದರೂ ಆಗುತ್ತಿತ್ತೇ? ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದರಿಂದ ನನಗೆ ಒಂದು ದಿನವೂ ಸಮಾಧಾನ ಸಿಕ್ಕಿಲ್ಲ.

ಮರುದಿನ ಔರಂಗಾಬಾದಿನ ಆಸ್ಪತ್ರೆಗೆ ಮಲ್ಲಿನಾಥನ ತಾಯಿ ಬಂದರು. ಮುಚ್ಚಿದ್ದನ್ನು ತೆರೆದು ತೋರಿಸುವ ಸ್ಥಿತಿ ಇರಲಿಲ್ಲ. ಆಕೆ ಬಟ್ಟೆಯ ಮೇಲೇ ಕೈಯಾಡಿಸುತ್ತಾ, ನನ್ನ ಮಗ ಒಂದ್ ಸೋಮವಾರ ತಪ್ಪಿಸಿದಾಂವ ಅಲ್ಲ, ಮುಗಿಲಾಗ ಹಾರೋ ಕೂಸು ಅಂತ ನಾನೇ ಹರಕಿ ಹೊತ್ತು ಉಪವಾಸ ಹಿಡಿಸಿದ್ದೆ, ಆದರೂ ಶಿವ ಕಾಯಲಿಲ್ಲ ಎಂದು ಅತ್ತರು. ನನ್ನ ಕಿವಿಗೆ ಆ ಮಾತು ಬಿತ್ತು, ತಲೆಗೆ ಹೋಗಲಿಲ್ಲ. ನನಗೆ ನನ್ನದೇ ಭಯ. ಮಾಸ್ತರರು ಗೋಡೆಗೆ ಆತು ನಿಂತು ಆಕೆಯನ್ನೇ ನೋಡುತ್ತಿದ್ದರು.

ಹತ್ತು ದಿನದ ಮೇಲೆ ವಿಚಾರಣೆ. ನಮ್ಮನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಹಾರುವ ಮುಂಚೆ ಹುಡುಗರನ್ನು ನೀವು ಬಹಳ ತಪಾಸಣೆ ಮಾಡುತ್ತೀರಂತೆ, ಅವತ್ತು ಏನು ಕಂಡಿತು ಎಂದು ಅಧಿಕಾರಿ ಕೇಳಿದರು. ಮಾಸ್ತರರು ಎದ್ದು ನಿಂತು, ಅವತ್ತು ಮಾಡಲಿಲ್ಲ ಎಂದರು. ಏನೂ ಕೇಳಲಿಲ್ಲವೇ? ಏನೂ ಕೇಳಲಿಲ್ಲ, ಅವಸರದಲ್ಲಿ ಕಳಿಸಿಬಿಟ್ಟೆ. ಸುಳ್ಳು ಎಂದು ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಎದ್ದು ಹೇಳಿದರೆ, ಹಾಗಾದರೆ ನೀನು ಯಾಕೆ ಸುಮ್ಮನಿದ್ದೆ ಎನ್ನುವುದೇ ಮುಂದಿನ ಪ್ರಶ್ನೆ, ಅಲ್ಲಿಗೆ ನನ್ನ ಲೈಸೆನ್ಸಿನ ಕತೆ ಮುಗಿದಂತೆ. ನನ್ನ ಸರದಿಯಲ್ಲಿ ಏನನ್ನೂ ಗಮನಿಸಲಿಲ್ಲ ಎಂದೆ. ಮಾಸ್ತರರಿಗೆ ಆಘಾತದಲ್ಲಿ ನೆನಪು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಛೆ, ಎಂಥ ಅನುಕೂಲದ ನಂಬಿಕೆ.

ಶಿಕ್ಷಕರು ತಪಾಸಣೆ ಮಾಡದೆ ಕಳಿಸಿದರು ಎಂದು ವರದಿ ಬಂತು, ಅದರ ಪ್ರತಿ ಮಲ್ಲಿನಾಥನ ಮನೆಗೂ ಹೋಯಿತು. ಅವರ ಕಲಿಸುವ ಪರವಾನಗಿ ರದ್ದಾಯಿತು. ಸಿಲ್ಲೋಡದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ, ಆಳುಗಳ ಹಾಜರಿ ಬರೆಯುವ ಕೆಲಸ ಹಿಡಿದು ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದರು. ನಾನು ಪಾಸಾದೆ, ಬೆಳೆಗೆ ಔಷಧ ಹೊಡೆಯುವ ವಿಮಾನದಲ್ಲಿ ಕೆಲಸ ಸಿಕ್ಕಿತು. ಔರಂಗಾಬಾದಿಗೆ ಬಂದರೆ ಪೈಠಣ ಗೇಟಿನ ಕಡೆ ಕಾಲಿಡದೆ ಸುತ್ತುಹಾಕಿ ಹೋಗುತ್ತಿದ್ದೆ.

ಐದು ವರ್ಷ ತಡೆದೆ. ಒಂದು ಭಾನುವಾರ ಬೆಳಿಗ್ಗೆ ಹೋಗಿಯೇಬಿಟ್ಟೆ. ಅಂಗಳದಲ್ಲಿ ಸೈಕಲ್ಲಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಅವನು ಉಪವಾಸ ಇದ್ದ, ನನಗೆ ಗೊತ್ತಿತ್ತು, ನೀವು ಕೇಳಿದ್ದಿರಿ, ನಾನು ಎರಡು ಕಡೆಯೂ ಸುಮ್ಮನಿದ್ದೆ.

ಅವರು ಟ್ಯೂಬಿನಿಂದ ಕಣ್ಣು ತೆಗೆಯಲಿಲ್ಲ. “ನನಗ ಗೊತ್ತದ,” ಎಂದರು. “ಆ ತಾಯಿ ಬಾಯಿಲೇ ಕೇಳೀನಿ. ನಾ ಕೇಳಿದ್ದೆ, ಹುಡುಗ ಸುಳ್ಳು ಹೇಳಿದ ಅಂದಿದ್ದರ, ಯಾಕ ಉಂಡಿದ್ದಿಲ್ಲ ಅಂತ ಹುಡುಕತಿದ್ದರು. ಹುಡುಕ್ಕೊಂತ ಹೋದ್ರ ಆಕಿ ಮನಿ ಬಾಗಿಲಿಗೇ ಹೋಗಿ ನಿಲ್ತಿದ್ದರು. ನಾನೇ ನನ್ನ ಕೂಸಿನ್ನ ಕೊಂದೆ ಅಂತ ಆಕಿಗೆ ಗೊತ್ತಾಗಬೇಕಿತ್ತೇನು?”

ನಿಮ್ಮ ಕೆಲಸ ಹೋಯಿತಲ್ಲ ಸರ್ ಎಂದೆ.

“ಹೋಗೋದೇ ಬರೋಬ್ಬರಿ. ಪಂಜಾಬಿ ಹುಡುಗಗ ಕೇಳಿದಂಗ ಅವಗ ಕೇಳ್ಲಿಲ್ಲ ನಾ. ಮನಿಗೆ ಬಂದವರಿಗೆ ಕೇಳಿದಂಗ ಕೇಳಿದೆ. ಹಂಗ ಕೇಳಿದ್ರ ಉಂಡಿಲ್ಲ ಅಂತ ಯಾರಂತಾರ?”

ಗುಳ್ಳೆ ಎದ್ದ ಜಾಗಕ್ಕೆ ಬೆರಳಿಟ್ಟು, ಮೊದಲ ಸಲ ತಲೆ ಎತ್ತಿ ನೋಡಿದರು. ಆ ಮುಖದಲ್ಲಿ ಕ್ಷಮೆ ಇರಲಿಲ್ಲ. ಇರಲಿ ಎಂದು ನಾನು ಬೇಡಿಕೊಂಡು ಹೋಗಿದ್ದೆ.

“ನೀ ಹಗುರಾಗಬೇಕಂತ ಬಂದಿ. ಆಗಬ್ಯಾಡ. ಆಕಿ ಇರೋ ತನಕ ಎಲ್ಲೂ ಬಾಯಿ ಬಿಡಂಗಿಲ್ಲ, ಬರಿಯಂಗಿಲ್ಲ. ಮಾತು ಕೊಡು.”

ಕೊಟ್ಟೆ. ಅಳು ಬಂತು, ಅವರ ಎದುರೇ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಒಳಗಿನಿಂದ ಅವರ ಹೆಂಡತಿ ಚಹಾ ತಂದು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಆಮೇಲೆ ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಸಿಲ್ಲೋಡದ ಹತ್ತಿಯ ಧೂಳಿನಿಂದ ಅವರಿಗೆ ಕೆಮ್ಮು ಹಿಡಿಯಿತು. ವಿಮಾನದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಒಂದು ಮಳೆಗಾಲದಲ್ಲಿ ತೀರಿಕೊಂಡರು ಎಂದು ಅಪ್ಪ ತಿಳಿಸಿದರು. ಹೋದಾಗ ಅವರ ಹೆಂಡತಿ ಒಂದು ಕಟ್ಟು ಅಂಚೆ ಕಾರ್ಡು ತೋರಿಸಿದರು. ಪ್ರತಿ ಶ್ರಾವಣಕ್ಕೆ ಒಂದು. ಮಲ್ಲಿನಾಥನ ತಾಯಿ ಯಾರ ಕೈಯಿಂದಲೋ ಬರೆಸಿ ಕಳಿಸಿದ ಶಾಪ: ಕೇಳದೆ ನನ್ನ ಮಗನನ್ನು ಸಾವಿಗೆ ಕಳಿಸಿದವನೇ, ನಿನ್ನ ವಂಶ ಉದ್ಧಾರವಾಗದಿರಲಿ. ಮಾಸ್ತರರಿಗೆ ಮಕ್ಕಳಿರಲಿಲ್ಲ. ಪ್ರತಿ ಕಾರ್ಡನ್ನೂ ಓದಿ ಕಟ್ಟಿಗೆ ಸೇರಿಸಿಟ್ಟಿದ್ದರು.

“ನೀವೇ ಹೋಗಿ ಆ ತಾಯಿಗೆ ತಿಳಿಸಿ ಬರ್ರಿ,” ಎಂದರು ಅವರ ಹೆಂಡತಿ. “ಖರೇ ಮಾತು ಹೇಳಬ್ಯಾಡ್ರಿ, ಅವರು ಬ್ಯಾಡ ಅಂದಾರ. ಸತ್ತರು ಅಂತಷ್ಟೇ ಹೇಳ್ರಿ. ಇನ್ನ ಆ ಕಾರ್ಡು ಬರೋದು ನನಗ ಬ್ಯಾಡ.”

ಆಳಂದದಿಂದ ಆ ಹಳ್ಳಿಗೆ ನಡೆದೇ ಹೋದೆ. ಆಕೆ ಜಗಲಿಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದ ಮೇಲೆ ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು. ಮಾಸ್ತರರು ಹೋದರು ಅವ್ವಾ ಎಂದೆ. ಮೊರ ಕೆಳಗಿಟ್ಟರು. ಸಿಟ್ಟು ಮಾಡುತ್ತಾರೆ, ನಗುತ್ತಾರೆ, ಏನಾದರೂ ಮಾಡುತ್ತಾರೆ ಎಂದು ಕಾದೆ. ಅವರ ಮುಖದಲ್ಲಿ ಅನುಮಾನ ಕಂಡಿತು.

“ಇಷ್ಟು ವರ್ಷ ಬೈದೀನಿ ತಮ್ಮಾ. ಸತ್ತಾಂವಗ ಸುಳ್ಳೇ ಬೈದಿದ್ದರ ನನಗ ಪಾಪ ಬರ್ತದ. ನೀ ಅಲ್ಲೇ ಇದ್ದಿ, ನೀ ಹೇಳು. ಖರೇನ ಅಂವ ನನ್ನ ಮಗನ್ನ ಏನೂ ಕೇಳ್ದೇ ಕಳಿಸಿದ್ನೇನು?”

ಮೊಳದಷ್ಟು ದೂರದಲ್ಲಿ ನಿಂತು ಕೇಳಿದವನು ನಾನು. ಹತ್ತಿರ ಹತ್ತಿರ ಹತ್ತು ವರ್ಷ ಆ ಒಂದು ಮಾತನ್ನು ಹೇಳಲು ಒದ್ದಾಡಿದವನು. ಕೇಳುವವರೇ ಎದುರು ಕೂತು ಕೇಳುತ್ತಿದ್ದರು.

“ಹೌದ್ರಿ ಅವ್ವಾ,” ಎಂದೆ. “ಏನೂ ಕೇಳಲಿಲ್ಲ.”

ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು. “ನೀ ಒಬ್ಬನರೆ ಖರೇ ಹೇಳಿದೆಪಾ,” ಎಂದರು.